ಕಲ್ಲುಹೂವಿನವಳು

“ಮಗು ಹೆತ್ತವಳು ಈ ಲೋಕದಲ್ಲಿ ನೀನೊಬ್ಬಳೇ ಏನೇ?” ಅಂದೆ. “ನಾನು ಹೆರಲಿಲ್ಲವಾ? ಬಾಣಂತನ ಮುಗಿಯುವ ಮೊದಲೇ ಒರಳಿನ ಮುಂದೆ ಕೂತೆ. ಮೆಣಸಿನಕಾಯಿ ಘಾಟಿಗೆ ನೀನು ಸೀನುತ್ತಿದ್ದೆ, ನಾನು ಕುಟ್ಟುತ್ತಿದ್ದೆ. ನಾನೇನು ಕೆಲಸ ಬಿಟ್ಟೆನಾ?”

“ಅದಕ್ಕೇ ನಿನಗೆ ಏನೂ ನೆನಪಿಲ್ಲ,” ಅಂದಳು ನನ್ನ ಮಗಳು ಶಶಿ. ನೆಲದ ಮೇಲೆ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ. “ನಾನು ಮೊದಲ ಸಲ ಬೋರಲು ಬಿದ್ದದ್ದು ಯಾವಾಗ, ಹೇಳು ನೋಡೋಣ.”

“ಬೀಳೋ ಹೊತ್ತಿಗೆ ಬಿದ್ದೆ. ಎಲ್ಲಾ ಮಕ್ಕಳೂ ಬೀಳ್ತವೆ.”

“ಎಲ್ಲಾ ಮಕ್ಕಳ ವಿಷಯ ಕೇಳಲಿಲ್ಲ. ನನ್ನ ವಿಷಯ ಕೇಳಿದ್ದು.”

“ಮಾತು ತಿರುಗಿಸಬೇಡ. ಯೂನಿವರ್ಸಿಟಿಗೆ ಯಾವಾಗ ಹೊರಡ್ತೀಯ, ಅದು ಬೊಗಳು.”

“ಹೋಗಲ್ಲ ಅಂದೆನಲ್ಲ.”

“ಮೆಲ್ಲಗೆ ಹೇಳೇ ಮೂದೇವಿ. ಹೊರಗೆ ಅವಳಿಗೆ ಕೇಳಿಸುತ್ತೆ.”

ಅವಳು ಅಂದರೆ ಜಗಲಿಯ ಮೇಲೆ ಕೂತಿದ್ದ ನಮ್ಮ ಮನೆಯ ಹೊಸ ಬಾಕಿ. ನಮ್ಮ ಊರಲ್ಲಿ ಯಾರಾದರೂ ಕೈಹಚ್ಚಿದ ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಅದರ ಬಾಕಿ ಮನೆಗೆ ಬರುತ್ತದೆ. ಗಂಡಸಾಗಿಯೋ ಹೆಂಗಸಾಗಿಯೋ ಬಂದು, ಕಾಲು ತೊಳೆದುಕೊಂಡು, ಜಗಲಿ ಮೇಲೆ ಕೂರುತ್ತದೆ. ಕರೆದರೆ ಊಟಕ್ಕೆ ಬರುತ್ತದೆ, ಬಡಿಸಿದ್ದನ್ನು ಉಣ್ಣುತ್ತದೆ. ಮಧ್ಯಾಹ್ನ ಊಟವಾಗಿ ಕೈ ತೊಳೆದ ಮೇಲೆ ಒಂದೇ ಒಂದು ಮಾತು ಕೇಳುತ್ತದೆ, ಮುಂದಿನದು ಯಾವಾಗ ಅಂತ. ಮನೆಯವರು “ನಾಳೆ” ಅನ್ನಬೇಕು. ಅಷ್ಟಕ್ಕೆ ಅದು ಸಮಾಧಾನವಾಗಿ ಜಗಲಿಗೆ ಹೋಗಿ ಗೋಡೆಗೆ ಒರಗುತ್ತದೆ. “ಇಲ್ಲ” ಅನ್ನುವ ಹಾಗಿಲ್ಲ. ಯಾಕೆ ಅಂತ ನನ್ನನ್ನು ಕೇಳಬೇಡಿ, ನಮ್ಮತ್ತೆ ಅನ್ನಬೇಡ ಅಂದಿದ್ದರು, ಅವರಿಗೆ ಅವರತ್ತೆ ಹೇಳಿದ್ದರು. ಉಣ್ಣುತ್ತಿರುವವರ ಮುಂದಿನ ಎಲೆ ಎಳೆದ ಹಾಗೆ ಅಂತ ನಾವೆಲ್ಲ ತಿಳಿದುಕೊಂಡಿದ್ದೇವೆ.

ಊರು ಇದಕ್ಕೆ ಹೊಂದಿಕೊಂಡಿದೆ. ಇಲ್ಲಿ ಮಹಡಿ ಮನೆಗಳಿಲ್ಲ, ನೆಲದಂತಸ್ತು ಮುಗಿದರೆ ಸಾಕು ಅಂತ ಜನ ಕೈಮುಗಿಯುತ್ತಾರೆ. ಕ್ಷೌರದ ಅಂಗಡಿಯವನು ಕತ್ತರಿ ಹಿಡಿಯುವ ಮೊದಲು “ಪೂರ್ತಿ ತಾನೇ?” ಅಂತ ಕೇಳುತ್ತಾನೆ. ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮೊದಲು ಜಗಲಿ ನೋಡುತ್ತಾರೆ. ಹಳ್ಳದ ಸೇತುವೆ ಅರ್ಧಕ್ಕೆ ನಿಂತಾಗ ಅದರ ಬಾಕಿಗೆ ಯಾರ ಮನೆಗೆ ಹೋಗಬೇಕೋ ತಿಳಿಯದೆ ಪಂಚಾಯಿತಿ ಆಫೀಸಿನ ಬೆಂಚಿನ ಮೇಲೆ ಹೋಗಿ ಕೂತಿತು. ಎಂಜಿನಿಯರುಗಳು ವರ್ಗವಾಗಿ ಹೋಗುತ್ತಾರೆ. ಹೊಸಬರು ಬಂದ ದಿನವೇ ಜವಾನನಿಂದ “ನಾಳೆ” ಅನ್ನುವುದನ್ನು ಕಲಿಯುತ್ತಾರೆ.

ನಮ್ಮ ಯಜಮಾನರದೂ ಒಂದು ಹಳೆಯ ಬಾಕಿ ಇದೆ. ಮದುವೆಗೆ ಮುಂಚೆ ಹೊಲಿಗೆ ಕಲಿಯಲು ಹೋಗಿ, ತೋಳು ಕೂರಿಸುವ ಪಾಠ ಬಂದಾಗ ಬೇಸರವಾಗಿ ಬಿಟ್ಟರಂತೆ. ಆ ಬಾಕಿ ಗುಂಡಗಿನ ಗಂಡಸು, ಕುತ್ತಿಗೆಗೆ ಟೇಪು ಹಾಕಿಕೊಂಡಿರುತ್ತಾನೆ. ನಾನು ಸೇರಕ್ಕಿ ಒದ್ದು ಒಳಗೆ ಬಂದಾಗಲೇ ಜಗಲಿಯಲ್ಲಿದ್ದ. ಈಗ ಇಬ್ಬರೂ ಕೂತು ಚೌಕಾಬಾರ ಆಡುತ್ತಾರೆ. “ತೋಳು ಯಾವಾಗ ಕೂರಿಸ್ತೀಯಪ್ಪ?” ಅಂತ ಅವನು ಕೇಳುತ್ತಾನೆ, “ನಾಳೆ ಕಣಯ್ಯ, ಕವಡೆ ಬಿಡು” ಅಂತ ಇವರು ಹೇಳುತ್ತಾರೆ. ಇಬ್ಬರಿಗೂ ನಾನು ಬೇಯಿಸಿ ಹಾಕುತ್ತೇನೆ.

ನನ್ನದು ಅಂತ ಒಂದು ಬಾಕಿ ಇಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಇತ್ತು, ಏಳನೇ ಕ್ಲಾಸು ಪಾಸು ಮಾಡಿದೆ. ಮುಂದಿನದನ್ನು ಶುರುವೇ ಮಾಡಲಿಲ್ಲ. ಸಾರಿನ ಪುಡಿ ಮಾಡಿ ಮಾರುವುದಕ್ಕೆ ಕೂತೆ, ಹುರಿದದ್ದನ್ನು ಕುಟ್ಟದೆ ಎದ್ದವಳಲ್ಲ. ಹಾಗಿರುವಾಗ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಇಂಥ ಬಾಕಿಯನ್ನು ಮನೆಗೆ ತಂದರೆ ನನಗೆ ಮೈ ಉರಿಯುವುದಿಲ್ಲವಾ?

ಶಶಿ ಓದುತ್ತಿದ್ದದ್ದು ಕಲ್ಲುಹೂವಿನ ವಿಷಯ. ಸಾರಿನ ಪುಡಿಗೆ ನಾವು ಹಾಕುತ್ತೇವಲ್ಲ, ಬಂಡೆಯ ಮೇಲೆ ಬೂದು ಬಣ್ಣಕ್ಕೆ ಅಂಟಿಕೊಂಡು ಬೆಳೆಯುವುದು, ಅದೇ. ಚಿಕ್ಕವಳಿದ್ದಾಗ ನನ್ನ ಮೊರದಿಂದ ಎತ್ತಿಕೊಂಡು “ಇದಕ್ಕೆ ಬೇರೆಲ್ಲಿ?” ಅಂತ ಕೇಳಿದವಳು ದೊಡ್ಡವಳಾಗಿ ಅದನ್ನೇ ಹಿಡಿದು ಯೂನಿವರ್ಸಿಟಿಗೆ ಹೋದಳು. ಊರಾಚೆಯ ಹಾಸುಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ, ರಜೆಗೆ ಬಂದಾಗಲೆಲ್ಲ ಹೋಗಿ ಅಳೆಯುತ್ತಿದ್ದಳು. ಒಂದು ಇಡೀ ಮಳೆಗಾಲಕ್ಕೆ ಅದು ಸಾಸಿವೆ ಕಾಳಿನಷ್ಟು ಬೆಳೆದರೆ ದೊಡ್ಡದಂತೆ. ಬೆಳೆದ ವರ್ಷ ಅವಳು ಹೋಳಿಗೆ ಮಾಡಿಸಿಕೊಂಡು ತಿಂದಿದ್ದಾಳೆ. ನನಗೆ ಅದರ ತಲೆಬುಡ ತಿಳಿಯದಿದ್ದರೂ ಪುಡಿ ಕೊಳ್ಳಲು ಬಂದವರಿಗೆಲ್ಲ ನನ್ನ ಮಗಳು ಡಾಕ್ಟರಾಗುತ್ತಾಳೆ, ಸೂಜಿ ಚುಚ್ಚುವ ಡಾಕ್ಟರಲ್ಲ, ಅದಕ್ಕಿಂತ ಮೇಲಿನದು ಅಂತ ಹೇಳುತ್ತಿದ್ದೆ.

ಹೆರಿಗೆಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ರಜೆ ಮುಗಿಯಿತು, ಇವಳು ಪೆಟ್ಟಿಗೆ ಕಟ್ಟಲಿಲ್ಲ. ಒಂದು ಬೆಳಿಗ್ಗೆ ಫೋನಿನಲ್ಲಿ ತನ್ನ ಗೈಡಿಗೆ ಏನೋ ಹೇಳಿ, ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು, ಕೂಸಿಗೆ ನೀರು ಹಾಕಲು ಬಚ್ಚಲಿಗೆ ಹೋದಳು. ಹಂಡೆಯಿಂದ ನೀರು ತೋಡುವಷ್ಟರಲ್ಲಿ ಹೊರಗೆ ಯಾರೋ ಕಾಲು ತೊಳೆದುಕೊಳ್ಳುವ ಸದ್ದು ಕೇಳಿತು. ಹೋಗಿ ನೋಡಿದರೆ ತೆಳ್ಳಗೆ ಉದ್ದಕ್ಕಿರುವ ಹೆಂಗಸು, ಮಣ್ಣು ಬಣ್ಣದ ಸೀರೆ, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಕೂತದ್ದೂ ನೆಟ್ಟಗೆ, ಬಂಡೆಯ ಮೇಲೆ ಕೂತವರ ಹಾಗೆ. ಹೊಲಿಗೆಯವನು ಸರಿದು ಅವಳಿಗೆ ಜಾಗ ಕೊಟ್ಟ.

ಯಾರದಾದರೂ ತಪ್ಪಿದ್ದರೆ ನನಗೆ ಸುಲಭವಾಗುತ್ತಿತ್ತು. “ಆ ಗೈಡು ಏನಾದರೂ ಅಂದನೇನೇ?” ಅಂತ ಕೇಳಿದೆ. “ಛೆ, ಅವರು ಮನೆಯಿಂದಲೇ ಬರೀ, ನಿಧಾನಕ್ಕೆ ಬಾ ಅಂತಿದಾರೆ,” ಅಂದಳು. ಅಳಿಯ ಸಿದ್ದೇಶ ಪಕ್ಕದ ಪೇಟೆಯಲ್ಲಿ ಬೀಜದ ಅಂಗಡಿ ನೋಡಿಕೊಳ್ಳುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಅವನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. “ನೀನು ಬೇಡ ಅಂದೆಯೇನಪ್ಪ?” “ಇಲ್ಲ ಅತ್ತೆ, ಕೂಸನ್ನ ನಾನೂ ನೋಡ್ಕೋತೀನಿ ಹೋಗು ಅಂದೆ. ಅವಳಿಷ್ಟ.” ಇಂಥ ಒಳ್ಳೆಯವನನ್ನು ಬೈಯುವುದು ಹೇಗೆ? ಆದರೂ ಎರಡು ಮಾತು ಬೈದೆ.

ದೀಪಾವಳಿಯೊಳಗೆ ವಾಪಸು ಹೋದರೆ ಸರಿ, ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ ಅಂತ ಯೂನಿವರ್ಸಿಟಿಯವರು ಹೇಳಿದ್ದರಂತೆ. ಅದಕ್ಕೇ ನಾನು ದಿನಾ ಜಗಳ ತೆಗೆಯುತ್ತಿದ್ದೆ. ದಿನಾ ಸೋಲುತ್ತಿದ್ದೆ, ಯಾಕೆಂದರೆ ಎದುರಿಗಿರುವವಳು ಜಗಳವಾಡುತ್ತಿರಲಿಲ್ಲ. ಅವಳು ಸುಖವಾಗಿದ್ದಳು. ಇದೇ ನನಗೆ ಅರ್ಥವಾಗದೆ ಹೋದದ್ದು. ತಲೆಗೂದಲು ಉದುರಿ ನೆತ್ತಿ ಕಾಣುತ್ತಿತ್ತು, ಸೆರಗು ಹಾಲಿನ ವಾಸನೆ ಹೊಡೆಯುತ್ತಿತ್ತು, ಕೂತಲ್ಲೇ ತೂಕಡಿಸುತ್ತಿದ್ದಳು, ಆದರೂ ಸುಖವಾಗಿದ್ದಳು. ನಾನು ಪುಡಿ ಜರಡಿ ಹಿಡಿಯುತ್ತಿದ್ದರೆ ಓಡಿ ಬಂದು, “ಅಮ್ಮ, ನಿನ್ನೆ ಗಿಲಕಿಯನ್ನ ಅಂಗೈಯಲ್ಲಿ ಬಾಚಿಕೊಳ್ತಿದ್ದಳು, ಇವತ್ತು ಹೆಬ್ಬೆರಳೂ ಕೊಟ್ಟು ಹಿಡೀತಿದಾಳೆ, ಬಾ ನೋಡು,” ಅನ್ನುವಳು. ಹೋಗಿ ನೋಡಿದರೆ ಕೂಸು ಗಿಲಕಿ ಹಿಡಿದುಕೊಂಡು ಜೊಲ್ಲು ಸುರಿಸುತ್ತಿರುತ್ತಿತ್ತು. ಎಲ್ಲ ಕೂಸುಗಳೂ ಸುರಿಸುತ್ತವೆ. ಇವಳು ಮಾತ್ರ ಅದರ ಮುಂದೆ ಬೋರಲು ಮಲಗಿ, ಗಲ್ಲಕ್ಕೆ ಕೈಕೊಟ್ಟು, ಹೊತ್ತು ಹೋದದ್ದು ತಿಳಿಯದೆ ನೋಡುತ್ತಿದ್ದಳು. ಬಂಡೆಯ ಮುಂದೆ ಮಲಗುತ್ತಿದ್ದದ್ದೂ ಹಾಗೆಯೇ.

ಪಕ್ಕದ ಮನೆ ಸಾಕಮ್ಮನನ್ನು ಕೇಳಿದೆ, “ಬಾಣಂತಿ ಸನ್ನಿ ಏನಾದರೂ ಇರಬಹುದಾ?”

“ಸನ್ನಿಯಾದವರು ಹೀಗೆ ಹೊಟ್ಟೆ ತುಂಬಾ ಉಣ್ಣಲ್ಲ ಪುಟ್ಟತಾಯಕ್ಕ,” ಅಂದಳು. “ನಿನ್ನ ಮಗಳು ಚೆನ್ನಾಗವಳೆ. ನಿನಗೇ ಏನೋ ಆಗಿರೋದು.”

“ನನಗೇನಾಗಿದೆ?”

“ಅದನ್ನ ನೀನು ಹೇಳಬೇಕು.”

ಸಾಕಮ್ಮನ ಮನೆಯಲ್ಲಿ ಒಂದು ಚಾಪೆಯ ಬಾಕಿ ಇತ್ತು. ಮೊನ್ನೆ ಮೊನ್ನೆ ಆ ಚಾಪೆ ಹೆಣೆದು ಮುಗಿಸಿದಳು, ಬಾಕಿಗೆ ತಾಂಬೂಲ ಕೊಟ್ಟು ಕಳಿಸಿದಳು. ಮುಗಿಸಿದವರು ಹಾಗೆ ಕಳಿಸುವುದು ಪದ್ಧತಿ. ಅವಳ ಜಗಲಿ ಈಗ ಖಾಲಿ, ಅದರ ಜಂಬ ಅವಳಿಗೆ.

ಕಲ್ಲುಹೂವಿನವಳನ್ನು ಶಶಿ ಚೆನ್ನಾಗಿಯೇ ನೋಡಿಕೊಂಡಳು. ಬಿಸಿ ಅನ್ನ ಅವಳಿಗೇ ಮೊದಲು ಬಡಿಸುವಳು, ಸೀರೆ ಒಗೆದು ಒಣಗಿಸುವಳು. ಒಮ್ಮೆ ಆ ಹೆಂಗಸು ಭೂತಗನ್ನಡಿ ಹಿಡಿದು ಕೂಸಿನ ಕಿರುಬೆರಳಿನ ಉಗುರು ನೋಡುತ್ತಿದ್ದಳು, ಶಶಿ ಕೈ ಅಲ್ಲಾಡದ ಹಾಗೆ ಹಿಡಿದುಕೊಟ್ಟಿದ್ದಳು. ನನಗೆ ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಲಿಲ್ಲ. ಆದರೆ ಊಟ ಮುಗಿದು ಆ ಮಾತು ಬರುವ ಹೊತ್ತಿಗೆ ಸರಿಯಾಗಿ ಕೂಸಿಗೆ ಹಾಲು ಕೊಡಬೇಕು ಅಂತ ಶಶಿ ಒಳಕೋಣೆಗೆ ಹೋಗಿಬಿಡುತ್ತಿದ್ದಳು. “ಮುಂದಿನ ಅಳತೆ ಯಾವಾಗ?” ಅಂತ ಕಲ್ಲುಹೂವಿನವಳು ಖಾಲಿ ಮಣೆಯನ್ನು ಕೇಳುವಳು. ನಾನು ಒಲೆ ಹತ್ತಿರದಿಂದಲೇ “ನಾಳೆ” ಅನ್ನುತ್ತಿದ್ದೆ. ಮಗಳ ಪರವಾಗಿ ತಾಯಿ ಅಂದರೆ ಸಲ್ಲುತ್ತದೋ ಇಲ್ಲವೋ, ಅವಳಂತೂ ತಲೆಯಾಡಿಸಿ ಜಗಲಿಗೆ ಹೋಗುತ್ತಿದ್ದಳು.

ಹಬ್ಬ ಹತ್ತಿರ ಬಂತು. ನನ್ನ ತಾಳ್ಮೆ ಮುಗಿಯಿತು. ಅಪ್ಪ ಬಿಟ್ಟ ಗೋಡೆಯನ್ನು ಮಗ ಕಟ್ಟಿ ಮುಗಿಸಿದರೆ ಬಾಕಿ ಹೋಗುತ್ತದೆ, ನಮ್ಮೂರಲ್ಲಿ ಎಷ್ಟೋ ಆಗಿದೆ. ಹಾಗಾದರೆ ಮಗಳು ಬಿಟ್ಟದ್ದನ್ನು ತಾಯಿ ಯಾಕೆ ಹಿಡಿಯಬಾರದು? ಪುಡಿ ಪೊಟ್ಟಣಕ್ಕೆ ಕಟ್ಟುವ ದಾರದ ಉಂಡೆ ಸೊಂಟಕ್ಕೆ ಸಿಕ್ಕಿಸಿಕೊಂಡು, “ಏಳಮ್ಮ, ಬಂಡೆಗೆ ಹೋಗೋಣ,” ಅಂದೆ. ಕಲ್ಲುಹೂವಿನವಳು ಎದ್ದ ರಭಸಕ್ಕೆ ಚೌಕಾಬಾರದ ಕವಡೆ ಚೆದುರಿದವು.

ದಾರಿಯಲ್ಲಿ ಅವಳು ನನಗಿಂತ ಮುಂದೆ ನಡೆದಳು. ಬಂಡೆಯ ಮೇಲೆ ಶಶಿ ಹಾಕಿದ್ದ ಕೆಂಪು ಗುರುತುಗಳು ಬಿಸಿಲಿಗೆ ಮಂಕಾಗಿದ್ದವು. ಒಂದೊಂದರ ಪಕ್ಕದಲ್ಲೂ ಬೂದು ಚಕ್ಕಳದಂಥ ಒಂದೊಂದು ತೇಪೆ. ಇಷ್ಟು ವರ್ಷ ಅದನ್ನು ಹಿಡಿಗಟ್ಟಲೆ ಎಣ್ಣೆಯಲ್ಲಿ ಹುರಿದಿದ್ದೇನೆ, ಬಂಡೆಯ ಮೇಲೆ ಕಣ್ಣಿಟ್ಟು ನೋಡಿದ್ದು ಅವತ್ತೇ. ಅಂಚಿನಲ್ಲಿ ಸಣ್ಣ ಸಣ್ಣ ಮಡಿಕೆ, ಕೂಸಿನ ಕಿವಿಯ ಹಾಗೆ. ಅವಳು ಭೂತಗನ್ನಡಿ ಇಟ್ಟು ತೋರಿಸಿದಲ್ಲಿ ನಾನು ದಾರ ಹಿಡಿದು, ಅಲ್ಲಿಗೊಂದು ಇಲ್ಲಿಗೊಂದು ಗಂಟು ಹಾಕಿ ಕತ್ತರಿಸಿದೆ. ಮೊಣಕಾಲು ನೋಯುತ್ತಿತ್ತು, ಬೆನ್ನು ಬಿಸಿಲಿಗೆ ಸುಡುತ್ತಿತ್ತು. ಇದನ್ನು ಹೀಗೆ ಕಾದುಕೊಂಡು ಮಲಗಿರಲು ನನ್ನ ಮಗಳಿಗೆ ಏನು ಹಿಡಿದಿತ್ತು, ಹಿಡಿದದ್ದು ಬಿಟ್ಟು ಹೋಗಲು ಏನಾಯಿತು? ಎರಡೂ ತಿಳಿಯಲಿಲ್ಲ. ಆದರೆ ಎಲ್ಲ ಗುರುತೂ ಮುಗಿಯುವವರೆಗೆ ನಾನು ಏಳಲಿಲ್ಲ. ಕಲ್ಲುಹೂವಿನವಳ ಮುಖದಲ್ಲಿ ಒಂದು ಕಳೆ ಬಂದಿತ್ತು. ಗೆದ್ದೆ ಅಂದುಕೊಂಡೆ.

ಮನೆಗೆ ಬಂದು, ಊಟಕ್ಕೆ ಕೂತಿದ್ದ ಶಶಿಯ ಮುಂದೆ ದಾರದ ತುಂಡುಗಳ ಕಟ್ಟನ್ನು ಇಟ್ಟೆ. “ತಗೋ, ನಿನ್ನ ಅಳತೆ. ನಾನೇ ಮಾಡಿದ್ದೇನೆ. ನಿನ್ನ ಗೈಡಿಗೆ ಕಳಿಸು. ಇನ್ನು ಮೇಲೂ ನಾನೇ ಹೋಗಿ ಮಾಡ್ತೀನಿ, ನೀನು ಕೂಸನ್ನ ಆಡಿಸಿಕೊಂಡು ಬರೆದರೆ ಸಾಕು.”

ಅವಳು ಕೈ ತೊಳೆದು ಬಂದು ಒಂದು ತುಂಡು ಎತ್ತಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಆ ಹಳೆಯ ನೋಟ, ಹುಬ್ಬು ಕೂಡಿಸಿ ತುಟಿ ಕಚ್ಚುವುದು, ನಾನು ಗುರುತು ಹಿಡಿದೆ.

“ದಾರ ಜಗ್ಗುತ್ತೆ ಅಮ್ಮ,” ಅಂದಳು. “ದಾರದಲ್ಲಿ ಇದನ್ನ ಅಳೆಯೋಕೆ ಬರಲ್ಲ. ನೀನು ಎಳೆದು ಹಿಡಿದರೆ ಒಂದು, ಸಡಿಲ ಬಿಟ್ಟರೆ ಇನ್ನೊಂದು.”

“ಹಾಗಾದರೆ ಯಾವುದರಲ್ಲಿ ಅಳೀಬೇಕು ಹೇಳಿಕೊಡು. ಕಲಿಯಲ್ವಾ ನಾನು?”

“ಇಷ್ಟು ಹೊತ್ತು ಬಿಸಿಲಲ್ಲಿ ಇದ್ದೆಯಾ?”

“ಬಿಸಿಲಲ್ಲೇ ಹುಟ್ಟಿದವಳು ನಾನು. ಹೇಳಿಕೊಡು ಅಂದೆ.”

ಅವಳು ನಗಲು ಹೋದಳು, ನಗು ಬರಲಿಲ್ಲ. ನನ್ನ ಕೈ ಹಿಡಿದುಕೊಂಡು ನೆಲಕ್ಕೆ ಕೂರಿಸಿದಳು. ಕೂಸು ಅವಳ ಮಡಿಲಿನಿಂದ ಬಾಗಿ ದಾರಕ್ಕೆ ಕೈ ಚಾಚುತ್ತಿತ್ತು.

“ಅಮ್ಮ, ಅದು ನನಗೆ ಬೇಜಾರಾಗಿ ಬಿಟ್ಟದ್ದಲ್ಲ,” ಅಂದಳು. “ಅಲ್ಲಿ ಮಲಗಿ ನೋಡ್ತಿದ್ದಾಗಲೂ ಚೆನ್ನಾಗಿತ್ತು. ಈಗ ಇಲ್ಲಿ ಇದೀನಿ. ಹೋಗಬೇಕು ಅಂತ ಒಳಗೆ ಹುಡುಕ್ತೀನಿ, ಸಿಗಲ್ಲ. ಸಿಗದೇ ಇರೋದಕ್ಕೆ ದುಃಖ ಆಗಬೇಕಲ್ಲ, ಅದೂ ಆಗಲ್ಲ. ನನಗೂ ಗೊತ್ತಾಗ್ತಿಲ್ಲ ಏನು ಅಂತ.”

“ಮುಂದೆ ಕೂಸು ಶಾಲೆಗೆ ಹೋಗುತ್ತೆ. ಆಗ ಏನು ನೋಡ್ತಾ ಮಲಗ್ತೀಯ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನೋಕೆ ಅಷ್ಟು ಓದಬೇಕಿತ್ತಾ?”

“ಆಗ ಏನಾದರೂ ಬಂದರೆ ಬರಲಿ. ಅದನ್ನ ಹೊಸದಾಗಿ ಹಿಡೀತೀನಿ. ಇದನ್ನ ಹೀಗೆ ಕೂರಿಸಿಕೊಂಡು ಇರಲ್ಲ.”

ಕಲ್ಲುಹೂವಿನವಳು ಅಷ್ಟರಲ್ಲಿ ಉಂಡು ಕೈ ತೊಳೆದು ಬಂದು ಬಾಗಿಲಲ್ಲಿ ನಿಂತಿದ್ದಳು. ಅವತ್ತು ಶಶಿ ಏಳಲಿಲ್ಲ, ಮಣೆ ಖಾಲಿಯಿರಲಿಲ್ಲ. ಅವಳು ಶಶಿಯ ಮುಖವನ್ನೇ ನೋಡಿಕೊಂಡು ಕೇಳಿದಳು, “ಮುಂದಿನ ಅಳತೆ ಯಾವಾಗ?”

ನಾನು ಬಾಯಿ ತೆರೆದೆ. ಶಶಿ ನನ್ನ ಮೊಣಕೈ ಒತ್ತಿ ಹಿಡಿದಳು.

“ಇಲ್ಲ ಕಣಮ್ಮ,” ಅಂದಳು. “ಇನ್ನು ಅಳೆಯೋದಿಲ್ಲ.”

ಜಗಲಿಯಲ್ಲಿ ಕವಡೆಯ ಸದ್ದು ನಿಂತಿತು. ಮನೆ ಬೀಳುತ್ತದೋ, ಆ ಹೆಂಗಸು ಗೋಳಾಡುತ್ತಾಳೋ, ಏನಾಗುತ್ತದೋ ಅಂತ ನಾನು ಕೂಸಿನ ತಲೆಯ ಮೇಲೆ ಕೈಯಿಟ್ಟೆ. ಏನೂ ಆಗಲಿಲ್ಲ. ಎದುರಿಗಿರುವವರು ನಿಜ ಹೇಳುತ್ತಿದ್ದಾರೋ ಅಂತ ನಾವು ನೋಡುತ್ತೇವಲ್ಲ, ಹಾಗೆ ಆ ಹೆಂಗಸು ಶಶಿಯನ್ನು ನೋಡಿದಳು. ಶಶಿ ಕಣ್ಣು ತಪ್ಪಿಸಲಿಲ್ಲ.

“ಆಗಲಿ,” ಅಂದಳು ಕಲ್ಲುಹೂವಿನವಳು. ಆ ಒಂದು ಪ್ರಶ್ನೆ ಬಿಟ್ಟು ಅವಳ ಬಾಯಲ್ಲಿ ನಾನು ಬೇರೆ ಮಾತು ಕೇಳಿದ್ದು ಅದೊಂದೇ. ಸೆರಗು ಕೊಡವಿ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಇಳಿದಳು.

ನಾನು ಎದ್ದೆ. ತಾಂಬೂಲ ಕೊಡಬೇಕೋ ಬೇಡವೋ ತಿಳಿಯಲಿಲ್ಲ. ಮುಗಿಸಿದರೆ ಕೊಡುತ್ತೇವೆ. ಇದು ಮುಗಿದದ್ದಾ, ಬಿಟ್ಟದ್ದಾ? ಕೇಳೋಣವೆಂದರೆ ನಮ್ಮತ್ತೆ ಇಲ್ಲ. ವೀಳ್ಯದೆಲೆ ತಟ್ಟೆ ಕೈಗೆತ್ತಿಕೊಂಡೆ, ಇಟ್ಟೆ, ಮತ್ತೆ ಎತ್ತಿಕೊಂಡೆ. ಜಗಲಿಯಲ್ಲಿ ಹೊಲಿಗೆಯವನು ನಮ್ಮ ಯಜಮಾನರ ಮುಖವನ್ನೇ ನೋಡುತ್ತಿದ್ದ. ಅವರು ಬಗ್ಗಿ ಜಗಲಿಯ ಕೆಳಗೆ ಕವಡೆ ಹುಡುಕುತ್ತಿದ್ದರು. ಎಲ್ಲ ಕವಡೆಗಳೂ ಚೌಕಾಬಾರದ ಮಣೆಯ ಮೇಲೇ ಇದ್ದವು.

“ನಿಲ್ಲೇ,” ಅಂತ ಕೂಗಿದೆ. “ಎಲ್ಲಿಗೆ ಹೋಗ್ತೀಯ? ಸಾಯಂಕಾಲಕ್ಕೆ ಕಡುಬು ಮಾಡ್ತೀನಿ, ಉಂಡುಕೊಂಡು ಹೋಗು.” ಅವಳು ಹಿಟ್ಟಿನ ಗಿರಣಿ ದಾಟಿದ್ದಳು. ತಟ್ಟೆ ಹಿಡಿದುಕೊಂಡು ಗಿರಣಿಯವರೆಗೆ ಓಡಿದೆ. ಸಾಕಮ್ಮ ಬಾಗಿಲಿಗೆ ಬಂದು, “ಬಾಕಿ ಮುಗೀತಾ ಅಕ್ಕ?” ಅಂದಳು. “ನಿನ್ನ ಕೆಲಸ ನೋಡಿಕೋ ಹೋಗೇ,” ಅಂದೆ. ಅಷ್ಟರಲ್ಲಿ ಆ ಮಣ್ಣು ಬಣ್ಣದ ಸೀರೆ ಹಳ್ಳದ ಕಡೆಗೆ ತಿರುಗಿತು. ಅವಳು ಬಂಡೆಯ ದಾರಿಯನ್ನೂ ಹಿಡಿಯಲಿಲ್ಲ, ಯೂನಿವರ್ಸಿಟಿಗೆ ಹೋಗುವ ಬಸ್ಸಿನ ದಾರಿಯನ್ನೂ ಹಿಡಿಯಲಿಲ್ಲ.

ವಾಪಸು ಬಂದೆ. ಬೈಯಬೇಕು ಅಂತ ಬಾಯಿ ತುಂಬ ಮಾತಿಟ್ಟುಕೊಂಡು ಬಂದೆ. ಶಶಿ ಕೂಸನ್ನು ಪಕ್ಕಕ್ಕೆ ಹಾಕಿಕೊಂಡು ಬರಿ ನೆಲದ ಮೇಲೆ ಮಲಗಿದ್ದಳು, ಕಣ್ಣು ಬಿಟ್ಟುಕೊಂಡೇ ಇದ್ದಳು.

“ನಿನಗೆ ಏನೂ ಅನ್ನಿಸಲಿಲ್ಲವೇನೇ?”

“ಅನ್ನಿಸ್ತು. ಬೆನ್ನು ಕಂಡಾಗ ಕರೀಬೇಕು ಅನ್ನಿಸ್ತು.”

“ಕರೀಬೇಕಿತ್ತು.”

“ಕರೆದು ಏನು ಹೇಳಲಿ? ನಾಳೆ ಅಂತಲಾ?”

ಕೂಸು ನನ್ನನ್ನು ನೋಡಿ ಕಾಲು ಬಡಿಯಿತು. ಒಂದು ಕಡೆಗೆ ವಾಲಿ, ಒದ್ದಾಡಿ ಬೋರಲು ಬಿದ್ದು, ತನ್ನ ಕೈಯನ್ನು ತನ್ನ ಹೊಟ್ಟೆಯ ಕೆಳಗೇ ಸಿಕ್ಕಿಸಿಕೊಂಡು ಮುಖ ಕೆಂಪಗೆ ಮಾಡಿಕೊಂಡಿತು. ಎತ್ತಲು ಬಗ್ಗಿದೆ. “ಬೇಡ, ಅವಳೇ ತೆಗೀತಾಳೆ, ನೋಡು,” ಅಂದಳು ಶಶಿ. ಬೆಳಿಗ್ಗೆ ಒರಳಿಗೆ ಹಾಕಿದ್ದ ಮೆಣಸಿನಕಾಯಿ ಕುಟ್ಟದೆ ಹಾಗೆಯೇ ಇತ್ತು. ನಾನು ಅಲ್ಲೇ ಕುಕ್ಕರಿಸಿ ಕೂತು ನೋಡಿದೆ. ಕೈ ಬಿಡಿಸಿಕೊಳ್ಳಲು ಅದಕ್ಕೆ ಬಹಳ ಹೊತ್ತು ಬೇಕಾಯಿತು.

ಸಾಯಂಕಾಲ ಕಡುಬು ಮಾಡಿದೆ. ಕಲ್ಲುಹೂವಿನವಳ ಜಾಗದಲ್ಲಿ ಎಲೆ ಹಾಕಿದೆ. ತೆಗೆ ಅಂತ ಶಶಿ ಅನ್ನಲಿಲ್ಲ, ಹಾಕು ಅಂತಲೂ ಅನ್ನಲಿಲ್ಲ. ಮಾರನೆಯ ದಿನವೂ ಹಾಕಿದೆ, ಹಬ್ಬದ ದಿನವೂ ಹಾಕಿದೆ. ಬಾಗಿಲ ಹತ್ತಿರ ನೀರಿನ ಚೊಂಬು ಇಟ್ಟು, ಯಾರಾದರೂ ಕಾಲು ತೊಳೆಯುವ ಸದ್ದು ಕೇಳುತ್ತದೋ ಅಂತ ಒಲೆಯ ಮುಂದಿನಿಂದ ಕಿವಿಗೊಟ್ಟೆ. ಅವಳು ಬರಲಿಲ್ಲ.